ಸಾಮಾನ್ಯ ಕುಟುಂಬದ ಖಾಲಿ ಕುರ್ಚಿ

ಕ್ರಾಂತಿಯ ಎರಡನೆಯ ವರ್ಷ, ಮೂರನೆಯ ತಿಂಗಳ ಹದಿನಾಲ್ಕನೆಯ ತಾರೀಕು, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ನಮ್ಮ ಕುಟುಂಬವನ್ನು ಸಾಮಾನ್ಯ ಕುಟುಂಬವೆಂದು ಸರ್ಕಾರ ಘೋಷಿಸಿತು.

ಅರ್ಜಿ ಹಾಕಿದ್ದವು ಒಟ್ಟು ನಾನೂರ ಹನ್ನೆರಡು ಕುಟುಂಬಗಳು. ಮಿಕ್ಕ ನಾನೂರ ಹನ್ನೊಂದರಲ್ಲಿ ಒಂದಲ್ಲ ಒಂದು ಅಸಾಮಾನ್ಯ ಅಂಶ ಕಂಡುಬಂದು ಅವು ತಿರಸ್ಕೃತವಾದವು. ಎದುರು ಮನೆಯವರು, ಗಂಡ ಹೆಂಡತಿ ಜಗಳವಾಡುವುದಿಲ್ಲ ಎಂಬ ಕಾರಣಕ್ಕೆ ಬಿದ್ದುಹೋದರು. ಕೆಳಗಿನ ಪೋಸ್ಟ್‌ಮಾಸ್ಟರರ ಮನೆಯಲ್ಲಿ ಪಿಯಾನೋ ಇತ್ತು. ನಮ್ಮಲ್ಲಿ ಜಗಳ ಹದವಾಗಿತ್ತು, ಪಿಯಾನೋ ಇರಲಿಲ್ಲ. ಈ ಬೀದಿಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಹೆಂಗಸು ನಾನೊಬ್ಬಳೇ ಆದ್ದರಿಂದ ಅದು ಅಡ್ಡಿಯಾದೀತೆಂಬ ಆತಂಕವಿತ್ತು. ಆದರೆ ನಾನು ಪಾಸಾದದ್ದು ಎರಡನೆಯ ದರ್ಜೆಯಲ್ಲಿ ಎಂದು ನೋಡಿ ಅದನ್ನೂ ಸಾಮಾನ್ಯವೆಂದೇ ಪರಿಗಣಿಸಿದರು. ಮೊದಲ ದರ್ಜೆ ಕೇವಲ ಮೂರು ಅಂಕದಲ್ಲಿ ತಪ್ಪಿದ್ದು ಎಂಬುದನ್ನು ಅರ್ಜಿಯಲ್ಲಿ ಬರೆದಿರಲಿಲ್ಲ. ಇಲ್ಲಿ ಬರೆದಿದ್ದೇನೆ.

ಘೋಷಣೆಯ ಉದ್ದೇಶ ನಮ್ಮ ಚಿತ್ರ ಬರೆಸುವುದು. ಹಳೆಯ ಆಡಳಿತದಲ್ಲಿ ಚಿತ್ರಗಳೆಂದರೆ ರಾಜರು, ಸೇನಾಪತಿಗಳು ಮತ್ತು ಅವರ ಕುದುರೆಗಳು. ಕ್ರಾಂತಿಯಾದ ಮೇಲೆ ಜನರ ನಿತ್ಯದ ಬದುಕೇ ಕಲೆ ಎಂದು ತೀರ್ಮಾನವಾಗಿ ದೈನಂದಿನ ಜೀವನ ಚಿತ್ರಣ ಇಲಾಖೆ ಹುಟ್ಟಿತು. ಅದರಲ್ಲಿ ನೂರ ಅರವತ್ತು ನೌಕರರು. ಅವರ ಪೈಕಿ ಚಿತ್ರ ಬರೆಯಬಲ್ಲವನು ಒಬ್ಬ. ಅವನೂ ಮೂವತ್ತು ವರ್ಷ ಸೇನಾಪತಿಗಳ ಕುದುರೆಗಳನ್ನೇ ಬರೆದವನು. ಹೀಗಾಗಿ ಚಿತ್ರದಲ್ಲಿ ನಮ್ಮ ಅತ್ತೆಯವರ ಕತ್ತು ಸ್ವಲ್ಪ ಉದ್ದವಾಗಿದೆ.

ವಿಷಯ: ಸಾಮಾನ್ಯ ಕುಟುಂಬದ ಮಧ್ಯಾಹ್ನದ ಊಟ. ಇಲಾಖೆಯ ಕ್ರಮ ಹೀಗಿತ್ತು. ಮೊದಲ ದಿನ ಇದ್ದಿಲಿನಲ್ಲಿ ಗೆರೆ ಹಾಕುವುದು. ಹನ್ನೆರಡು ಗಂಟೆಗೆ ಸರಿಯಾಗಿ ಗುಮಾಸ್ತನು ಅದರ ಮೂಲೆಗೆ ಮುದ್ರೆ ಒತ್ತುವುದು. ಮುದ್ರೆ ಬಿದ್ದ ಮೇಲೆ ಒಂದು ಗೆರೆ ಸೇರಿಸುವಂತಿಲ್ಲ, ಒಂದು ಗೆರೆ ಅಳಿಸುವಂತಿಲ್ಲ. ಬಣ್ಣ ತುಂಬಬಹುದು, ಅಷ್ಟೆ.

ಮೇಜಿನ ಸುತ್ತ ನಾನು, ಅತ್ತೆ, ಮಗಳು, ಐದು ವರ್ಷದ ಮೊಮ್ಮಗಳು ಪುಟ್ಟಿ, ಮತ್ತು ನಮ್ಮ ಯಜಮಾನರು. ಅಳಿಯ ಸೇತುವೆ ಕಟ್ಟುವ ಕೆಲಸದ ಮೇಲೆ ಗಡಿಯಲ್ಲಿದ್ದ. ಅವನ ಗೈರುಹಾಜರಿಗೆ ಮೂರು ಸಹಿಯ ಪತ್ರವಿತ್ತು. ಯಜಮಾನರು ದರ್ಜಿ, ಅಂಗಡಿ ಎರಡು ಬೀದಿ ಆಚೆ. ಊರಿನವರ ಕಾಲರನ್ನೆಲ್ಲ ನೆಟ್ಟಗೆ ಮಾಡುವ ಇವರ ಕಾಲರು ಎಂದೂ ನೆಟ್ಟಗಿದ್ದದ್ದಿಲ್ಲ. ಇವರ ಕುರ್ಚಿಯೂ ಹಾಗೇ. ಅಲ್ಲಾಡುತ್ತದೆಂದು ಎಡ ಹಿಂಗಾಲಿಗೆ ಬಟ್ಟೆಚೂರು ಸುತ್ತಿ, ಅದಕ್ಕೆ ನಾಲ್ಕು ಹೊಲಿಗೆ ಹಾಕಿಟ್ಟಿದ್ದರು. ಅವತ್ತು ಹನ್ನೊಂದೂವರೆಗೆ ಅದರಲ್ಲಿ ಬಂದು ಕೂತಾಗ ಅವರ ಬಲ ಮೊಣಕೈ ಅಂಗಿಯಿಂದ ಹೊರಗೆ ಇಣುಕುತ್ತಿತ್ತು.

“ಈ ಅಂಗೀಲಿ ಕೂತ್ಕೋತೀರಾ? ನೂರು ವರ್ಷ ಗೋಡೆ ಮೇಲಿರೋ ಚಿತ್ರ ಇದು,” ಎಂದೆ.

“ಕೈನ ಮೇಜಿನ ಕೆಳಗೆ ಇಟ್ಕೋತೀನಿ ಬಿಡು.”

“ಊಟದ ಚಿತ್ರದಲ್ಲಿ ಕೈ ಮೇಜಿನ ಕೆಳಗಿದ್ರೆ ನೋಡಿದವರು ಏನಂದ್ಕೋತಾರೆ? ಅಂಗಡಿಗೆ ಹೋಗಿ. ಪೋಸ್ಟ್‌ಮಾಸ್ಟರ್‌ದು ನೀಲಿ ಅಂಗಿ ಹೊಲಿದಿಟ್ಟಿದ್ದೀರಲ್ಲ, ಅದನ್ನ ಹಾಕ್ಕೊಂಡು ಬನ್ನಿ.”

“ಗಿರಾಕೀದು ಅದು. ಇನ್ನೂ ಗುಂಡಿ ಹಾಕಿಲ್ಲ.”

“ಹಾಕಿ. ಮೂವತ್ತು ವರ್ಷದಿಂದ ಮಾಡ್ತಿರೋದು ಅದೇ ಕೆಲಸ ತಾನೇ?”

“ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು,” ಎಂದರು ಅತ್ತೆ. ಅವರಿಗೆ ಕಿವಿ ಮಂದ. ಮಾತು ನನ್ನದಾದರೆ ಮಾತ್ರ ಕೇಳಿಸುತ್ತದೆ.

ಯಜಮಾನರು ಹೋದರು. ಏಳು ಗುಂಡಿ ಹಾಕಿ, ಇಸ್ತ್ರಿ ತಿಕ್ಕಿ, ನೀಲಿ ಅಂಗಿ ತೊಟ್ಟು ಓಡಿ ಬಂದಾಗ ಹನ್ನೆರಡು ಗಂಟೆ ಎಂಟು ನಿಮಿಷ. ಗುಮಾಸ್ತನು ಮುದ್ರೆಯನ್ನು ಡಬ್ಬಿಯೊಳಗಿಟ್ಟು ಮುಚ್ಚಳ ಹಾಕುತ್ತಿದ್ದ.

“ಬಂದೆ, ಬಂದೆ,” ಎಂದು ಏದುಸಿರು ಬಿಡುತ್ತ ತಮ್ಮ ಕುರ್ಚಿಯಲ್ಲಿ ಕೂತರು.

“ಯಾಕೆ ಬಂದ್ರಿ?” ಎಂದು ಗುಮಾಸ್ತ ಕೇಳಿದ.

ಚಿತ್ರಕಾರನು ಒಂದು ಹೆಜ್ಜೆ ಹಿಂದೆ ಸರಿದು ಚಿತ್ರವನ್ನು ನೋಡಿ, “ಪರವಾಗಿಲ್ಲ ಸ್ವಾಮಿ, ಕುರ್ಚಿ ಖಾಲಿ ಇರೋದೇ ಒಳ್ಳೇದಾಯ್ತು. ಚಿತ್ರದೊಳಗೆ ಗಾಳಿ ಆಡುತ್ತೆ,” ಎಂದ. ಯಜಮಾನರು ಅವನಿಗೆ ಧನ್ಯವಾದ ಹೇಳಿದರು. ಅವರ ಸ್ವಭಾವವೇ ಹಾಗೆ.

ಚಿತ್ರ ಮುಗಿದು, ಹಳೆಯ ಸುಂಕದ ಕಟ್ಟೆಯಲ್ಲಿ ತೆರೆದಿದ್ದ ಜನತಾ ಕಲಾಭವನದ ಗೋಡೆ ಸೇರಿತು. ಮೇಜಿನ ಮೇಲೆ ದೊಡ್ಡದೊಂದು ಬ್ರೆಡ್ಡಿತ್ತು. ಅದು ಮರದ್ದು, ಚಿತ್ರಕಾರನೇ ಚೀಲದಲ್ಲಿ ತಂದಿದ್ದ. ಹಿಂದಿನ ಗೋಡೆಯ ಮೇಲೆ ಮಹಾನಾಯಕರ ಭಾವಚಿತ್ರ, ಮೀಸೆ ಸಹಿತ. ಮುಂಭಾಗದಲ್ಲಿ ನಮ್ಮ ಯಜಮಾನರ ಖಾಲಿ ಕುರ್ಚಿ, ಕಾಲಿಗೆ ಸುತ್ತಿದ ಬಟ್ಟೆಯ ಸಮೇತ.

ಮರುದಿನದ ಪತ್ರಿಕೆಯಲ್ಲಿ ಕಲಾ ವಿಮರ್ಶಕರು ಅರ್ಧ ಪುಟ ಬರೆದರು. ಕುರ್ಚಿ ಖಾಲಿಯಾಗಿಲ್ಲ, ಅದು ಮಹಾನಾಯಕರಿಗಾಗಿ ಕಾದಿದೆ ಎಂದರು. ಕಾಲಿಗೆ ಸುತ್ತಿದ ಬಟ್ಟೆ ಅವರು ಹೋರಾಟದಲ್ಲಿ ಪಟ್ಟ ಗಾಯವನ್ನು ಸೂಚಿಸುತ್ತದೆ ಎಂದರು. “ಉಣ್ಣುವ ಮುನ್ನ ಕಾಯುವ ಈ ತಾಯಿಯ ಕಣ್ಣುಗಳನ್ನು ನೋಡಿ,” ಎಂದು ನನ್ನ ಬಗ್ಗೆಯೂ ಒಂದು ಸಾಲಿತ್ತು. ನಾನು ಆ ಹೊತ್ತಿನಲ್ಲಿ ನೋಡುತ್ತಿದ್ದದ್ದು ಗಡಿಯಾರವನ್ನು. ಆದರೂ ವಿಮರ್ಶೆ ಚೆನ್ನಾಗಿತ್ತು, ಕತ್ತರಿಸಿ ಅಂಟಿಸಿಟ್ಟೆ.

ವಾರದೊಳಗೆ ಇಪ್ಪತ್ತೇಳನೆಯ ಸುತ್ತೋಲೆ ಹೊರಟಿತು:

“ಪ್ರತಿಯೊಂದು ಕುಟುಂಬವೂ ಊಟದ ಮೇಜಿನಲ್ಲಿ ಮಹಾನಾಯಕರಿಗಾಗಿ ಒಂದು ಕುರ್ಚಿಯನ್ನು ಖಾಲಿ ಇಡತಕ್ಕದ್ದು. ಹಾಗೆ ಖಾಲಿ ಇಟ್ಟ ಕುರ್ಚಿಯಲ್ಲಿ ಯಾರೂ ಕೂರತಕ್ಕದ್ದಲ್ಲ. ಕುರ್ಚಿ ಇಲ್ಲದವರು ಮೊದಲು ಕುರ್ಚಿ ಕೊಂಡು, ನಂತರ ಅದನ್ನು ಖಾಲಿ ಇಡತಕ್ಕದ್ದು.”

ಕುರ್ಚಿ ಮಾಡಿಕೊಡುವ ಗುತ್ತಿಗೆ ಇಲಾಖೆಯ ನಿರ್ದೇಶಕರ ಭಾವಮೈದುನನಿಗೆ ಸಿಕ್ಕಿತು. ಯಾರೂ ಕೂರುವುದಿಲ್ಲವಾದ್ದರಿಂದ ಅವನು ಆಸನವನ್ನು ರಟ್ಟಿನಲ್ಲಿ ಮಾಡಿದ. ಬರಬರುತ್ತ ನಾಲ್ಕನೆಯ ಕಾಲನ್ನೂ ಬಿಟ್ಟ. ಕಾಲಿಲ್ಲದ ಕಡೆಯನ್ನು ಗೋಡೆಗೆ ಒರಗಿಸಿ ಇಡಬೇಕೆಂದು ಚೀಟಿ ಅಂಟಿಸಿರುತ್ತಿದ್ದ. ಜನ ಸಾಲುಗಟ್ಟಿ ಕೊಂಡರು.

ಎಲ್ಲ ಮನೆಗಳೂ ಚಿತ್ರದಂತಿವೆಯೇ ಎಂದು ನೋಡಲು ಹೋಲಿಕೆ ಪರಿವೀಕ್ಷಕ ಎಂಬ ಹುದ್ದೆ ಸೃಷ್ಟಿಯಾಯಿತು. ಚಿತ್ರಕ್ಕೆ ಮುದ್ರೆ ಒತ್ತಿದ ಗುಮಾಸ್ತನಿಗೇ ಬಡ್ತಿ ಸಿಕ್ಕಿತು. ಅವನು ಮೊದಲು ಬಂದದ್ದು ಮೂಲ ಕುಟುಂಬವಾದ ನಮ್ಮಲ್ಲಿಗೆ. ಕೈಯಲ್ಲಿ ಚಿತ್ರದ ಅಚ್ಚುಪ್ರತಿ ಹಿಡಿದು ಮೇಜಿನ ಮುಂದೆ ನಿಂತ. ಹೂಜಿ ಸರಿಯಿತ್ತು. ಬ್ರೆಡ್ಡು ಸರಿಯಿತ್ತು, ಏಕೆಂದರೆ ಮರದ್ದನ್ನೇ ನಮಗೆ ಬಿಟ್ಟುಹೋಗಿದ್ದರು. ಅಷ್ಟು ದೊಡ್ಡ ಬ್ರೆಡ್ಡು ಮನೆಯಲ್ಲಿ ಕಾಣುತ್ತಿದೆಯೆಂಬ ಕಾರಣಕ್ಕೆ ನಮ್ಮ ನಿಜವಾದ ಬ್ರೆಡ್ಡಿನ ಪಡಿತರವನ್ನು ಅರ್ಧಕ್ಕೆ ಇಳಿಸಲಾಗಿತ್ತು.

“ಅಜ್ಜಿ, ಕತ್ತು ಸ್ವಲ್ಪ ಮೇಲೆ. ಇನ್ನೂ ಸ್ವಲ್ಪ. ಹಾಂ.” ಅತ್ತೆಯವರ ಕತ್ತು ಸರಿಹೋದ ಮೇಲೆ ಅವನು ಯಜಮಾನರ ಕಡೆ ತಿರುಗಿದ. “ಇವರು ಯಾರು?”

“ನಮ್ಮ ಯಜಮಾನರು,” ಎಂದೆ.

“ಚಿತ್ರದಲ್ಲಿಲ್ಲವಲ್ಲ.”

“ಏನಪ್ಪಾ ಹೀಗಂತೀಯ,” ಎಂದರು ಯಜಮಾನರು. “ಅವತ್ತು ನಾನು ಓಡಿ ಬಂದದ್ದನ್ನ ನೀನೇ ಕಣ್ಣಾರೆ ನೋಡಿದ್ಯಲ್ಲ!”

“ಆಗ ನಾನು ಗುಮಾಸ್ತ. ಗುಮಾಸ್ತ ನೋಡಿದ್ದು ಪರಿವೀಕ್ಷಕ ನೋಡಿದ ಹಾಗಲ್ಲ.”

“ನನ್ನ ಗಂಡನೂ ಚಿತ್ರದಲ್ಲಿಲ್ಲ,” ಎಂದಳು ಮಗಳು.

“ಅವರಿಗೆ ಪತ್ರ ಇದೆ. ಇವರು ಎರಡು ಬೀದಿ ಆಚೆ ಹೋಗುವಾಗ ಪತ್ರ ತಗೊಂಡಿದ್ರಾ?”

ತೆಗೆದುಕೊಂಡಿರಲಿಲ್ಲ. ಅವನು ನಮೂನೆಯಲ್ಲಿ ಎಲ್ಲ ಖಾನೆಗಳನ್ನೂ ಹುಡುಕಿ, ಕೊನೆಗೆ ಯಜಮಾನರನ್ನು “ಅತಿಥಿ” ಎಂಬಲ್ಲಿ ಬರೆದುಕೊಂಡ. ಅತಿಥಿಗಳು ದಿನಕ್ಕೊಂದು ಊಟ ಮಾಡಬಹುದು, ಮುಗಿದ ಒಂದು ಗಂಟೆಯೊಳಗೆ ಹೊರಡಬೇಕು. ಆಗ ಅತ್ತೆಯವರ ವಿಷಯದಲ್ಲಿ ಒಂದು ತೊಡಕು ಎದ್ದಿತು.

“ಇವರು ನಿಮಗೇನಾಗಬೇಕು?”

“ಅತ್ತೆ.”

“ಗಂಡನೇ ಇಲ್ಲದ ಮನೆಯಲ್ಲಿ ಅತ್ತೆ ಹೇಗಿರ್ತಾರೆ?”

“ಅತ್ತೆಯಾಗಿರುವುದು ಅವರ ಸ್ವಭಾವ ಅಂತ ಬರ್ಕೊಳ್ಳಿ,” ಎಂದೆ. ಬರೆದುಕೊಂಡ.

“ನಾನು ಹೆತ್ತವನು ನನ್ನ ಮನೆಗೇ ನೆಂಟನಾ? ನಿನ್ನ ಕೈಗೆ ಹುಳ ಬೀಳ!” ಎಂದು ಅತ್ತೆ ಕೂಗಿದರು. ಕೂಗುವಾಗ ಕತ್ತು ತಾನಾಗಿಯೇ ಉದ್ದವಾಗಿ, ಹೋಲಿಕೆ ಪೂರ್ಣವಾಯಿತು.

ಅಂದಿನಿಂದ ಯಜಮಾನರು ಅಂಗಡಿಯಲ್ಲಿ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಮಲಗತೊಡಗಿದರು. ಮೇಜು ಉದ್ದವಾಗಿದೆ, ಕಾಲು ಚಾಚಲು ಅಡ್ಡಿಯಿಲ್ಲ. ಮಧ್ಯಾಹ್ನ ಹನ್ನೆರಡಕ್ಕೆ ಮನೆಗೆ ಬಂದು, ಬಾಗಿಲು ತಟ್ಟಿ, ಕಿಟಕಿಯ ಪಕ್ಕ ನಿಂತು ಊಟ ಮಾಡುತ್ತಿದ್ದರು. ತಮ್ಮ ಕುರ್ಚಿಯನ್ನು ನೋಡುತ್ತ ಆಲೂಗಡ್ಡೆ ಸುಲಿಯುತ್ತಿದ್ದರು. ಪುಟ್ಟಿ ಬಾಗಿಲಿಗೆ ಓಡಿ “ತಾತ!” ಎನ್ನುವುದನ್ನು ತಪ್ಪಿಸಲು ನನಗೆ ಹನ್ನೊಂದು ದಿನ ಹಿಡಿಯಿತು. ಬುದ್ಧಿವಂತ ಮಗು, ನನ್ನ ಕಡೆಯ ರಕ್ತ. ಹನ್ನೆರಡನೆಯ ದಿನ “ಅತಿಥಿಗಳೇ, ಬನ್ನಿ,” ಎಂದಿತು. ಯಜಮಾನರು ಅವತ್ತು ಅರ್ಧ ಆಲೂಗಡ್ಡೆ ಬಿಟ್ಟರು.

“ನನಗೆ ಬಿರುದು ಬೇಡ, ಪಡಿತರ ಬೇಡ,” ಎಂದು ಒಂದು ದಿನ ನನ್ನಲ್ಲಿ ಹೇಳಿದರು. “ಊಟದ ಹೊತ್ತಿಗೆ ನನ್ನ ಕುರ್ಚೀಲಿ ಕೂತ್ಕೊಳ್ಳೋಕೆ ಬಿಟ್ರೆ ಸಾಕು. ದಿನವೆಲ್ಲ ಮಷಿನ್ ತುಳಿದು ಮಂಡಿ ಹಿಡ್ಕೊಳ್ಳುತ್ತೆ ಕಣೇ. ನೀನು ಓದಿದವಳು, ಒಂದು ಮಾತು ಹೇಳಿ ನೋಡು.”

ನಾನೇ ಅರ್ಜಿ ಬರೆದೆ. ಅಂಥ ಅರ್ಜಿ ಇಲಾಖೆಗೆ ಹಿಂದೆ ಬಂದಿರಲಾರದು. ಒಂದು ಅಕ್ಷರ ತಪ್ಪಿರಲಿಲ್ಲ. ಇಬ್ಬರೂ ಹೋದೆವು. ನಿರ್ದೇಶಕರ ಕೋಣೆಯಲ್ಲಿ ಅವರೂ ನಿಂತೇ ಇದ್ದರು, ಏಕೆಂದರೆ ಅವರ ಕುರ್ಚಿಯೂ ಮಹಾನಾಯಕರಿಗಾಗಿ ಖಾಲಿಯಿತ್ತು. ಅರ್ಜಿ ಓದಿ ಮೆಚ್ಚಿ ತಲೆದೂಗಿದರು.

“ಕೂತು ಉಂಡರೆ ಕುಡಿಕೆ ಹೊನ್ನು ಸಾಲದು ಅಂತ ಹಿರಿಯರೇ ಹೇಳಿದ್ದಾರೆ,” ಎಂದರು ಯಜಮಾನರಿಗೆ. “ನಿಂತು ಉಂಡರೆ ಸಾಲದು ಅಂತ ಎಲ್ಲೂ ಹೇಳಿಲ್ಲ. ಅಂದ ಮೇಲೆ ನಿಮಗೆ ತೊಂದರೆ ಏನು?”

“ಮಂಡಿ, ಸಾರ್.”

“ಅದು ವೈದ್ಯಕೀಯ ಇಲಾಖೆ.” ಆಮೇಲೆ ನನ್ನ ಕಡೆ ತಿರುಗಿದರು. “ನೋಡಿ ತಾಯೀ, ಪ್ರಶ್ನೆ ಒಂದೇ. ಚಿತ್ರ ಒಂದು ಥರ ಇದೆ, ಮನೆ ಇನ್ನೊಂದು ಥರ ಇದೆ. ಎರಡರಲ್ಲಿ ಒಂದು ಸುಳ್ಳು. ಚಿತ್ರ ಸುಳ್ಳು ಅಂತ ನೀವು ಬರೆದುಕೊಟ್ರೆ ಇವತ್ತೇ ಅದನ್ನ ಕೆಳಗಿಳಿಸ್ತೀವಿ. ಇವರು ಇವತ್ತೇ ಕೂತು ಊಟ ಮಾಡಬಹುದು. ಆದರೆ ಆಗ ನೀವು ಸಾಮಾನ್ಯ ಕುಟುಂಬ ಅಲ್ಲ. ಬಿರುದಿನ ಜೊತೆ ಕೊಟ್ಟ ಮೂರನೇ ಮಹಡಿ ಬಾಲ್ಕನಿ ಮನೆ ವಾಪಸ್ಸು. ಗುರುವಾರದ ನಿಮ್ಮ ಉಪನ್ಯಾಸ ಪೋಸ್ಟ್‌ಮಾಸ್ಟರರ ಹೆಂಡತಿಗೆ ಹೋಗುತ್ತೆ.”

ಉಪನ್ಯಾಸದ ವಿಷಯ ಇಲ್ಲಿ ಹೇಳಬೇಕು. ತಿರಸ್ಕೃತವಾದ ನಾನೂರ ಹನ್ನೊಂದು ಕುಟುಂಬಗಳ ಗೃಹಿಣಿಯರಿಗೆ ಸಾಮಾನ್ಯವಾಗಿರುವುದು ಹೇಗೆಂದು ನಾನು ವಾರಕ್ಕೊಮ್ಮೆ ಹೇಳಿಕೊಡುತ್ತಿದ್ದೆ. ಪೋಸ್ಟ್‌ಮಾಸ್ಟರರ ಹೆಂಡತಿ ಮುಂದಿನ ಸಾಲಿನಲ್ಲಿ ಕೂತು ಬರೆದುಕೊಳ್ಳುತ್ತಿದ್ದಳು. ಅವಳು ಕಾಲೇಜಿಗೆ ಹೋದವಳಲ್ಲ.

ಯಜಮಾನರು ನನ್ನ ಮುಖ ನೋಡಿದರು. ಬಾಗಿಲಲ್ಲಿ ನಿಂತು ಅಳತೆ ಕೊಡುವ ಗಿರಾಕಿಯ ಹಾಗೆ ಕೈ ಸ್ವಲ್ಪ ಅಗಲಿಸಿ ನಿಂತಿದ್ದರು.

ನಾನು ಸತ್ಯವನ್ನೇ ಹೇಳಿದೆ. “ಚಿತ್ರ ಸರಿಯಾಗಿದೆ. ಆ ದಿನ ಹನ್ನೆರಡು ಗಂಟೆಗೆ ಇವರು ಮನೆಯಲ್ಲಿ ಇರಲಿಲ್ಲ.”

“ಯಾಕೆ ಇರಲಿಲ್ಲ ಅಂತ…” ಎಂದು ಯಜಮಾನರು ಶುರುಮಾಡಿದರು.

“ಕಾರಣಕ್ಕೆ ನಮೂನೆಯಲ್ಲಿ ಜಾಗ ಇಲ್ಲ,” ಎಂದರು ನಿರ್ದೇಶಕರು.

 ವಾಪಸ್ಸು ಬರುವಾಗ ಅಂಗಡಿಯ ತಿರುವಿನಲ್ಲಿ ಯಜಮಾನರು, “ನಾಳೆ ಹನ್ನೆರಡಕ್ಕೆ ಬರಲಾ?” ಎಂದು ಕೇಳಿದರು. ಬನ್ನಿ ಎಂದೆ.

ಹೀಗೆ ಎಂಟು ತಿಂಗಳು ಯಾವ ಅಡಚಣೆಯೂ ಇಲ್ಲದೆ ನಡೆಯಿತು. ಒಂಬತ್ತನೆಯ ತಿಂಗಳ ಒಂದು ಮಂಗಳವಾರ ಮಹಾನಾಯಕರು ಕ್ರಾಂತಿಗೆ ದ್ರೋಹ ಬಗೆದಿದ್ದರೆಂದು ರೇಡಿಯೋದಲ್ಲಿ ತಿಳಿಯಿತು. ಬುಧವಾರ ಹೊಸ ಮಹಾನಾಯಕರು ಬಂದರು. ಇವರಿಗೆ ಮೀಸೆ ಇರಲಿಲ್ಲ. ಗುರುವಾರ ಚಿತ್ರಕಾರನು ಕಲಾಭವನದಲ್ಲಿ ಏಣಿ ಹಾಕಿ, ನಮ್ಮ ಚಿತ್ರದ ಗೋಡೆಯಲ್ಲಿದ್ದ ಭಾವಚಿತ್ರದ ಮೀಸೆಯನ್ನು ಕೆರೆದು, ಮೂಗು ಮೊಂಡ ಮಾಡಿ, ಇಪ್ಪತ್ತು ನಿಮಿಷದಲ್ಲಿ ಅವರನ್ನು ಇವರನ್ನಾಗಿ ಮಾಡಿದ. ಸುದ್ದಿ ತಿಳಿದು ನಮ್ಮ ಯಜಮಾನರು ಅಳತೆಯ ಟೇಪು ಕತ್ತಿನಲ್ಲಿದ್ದ ಹಾಗೆಯೇ ಅಲ್ಲಿಗೆ ಓಡಿದರು. ಉಪನ್ಯಾಸಕ್ಕೆ ಅಲ್ಲಿಗೇ ಹೋಗಿದ್ದರಿಂದ ನಾನೂ ಇದ್ದೆ.

“ಗೆರೆ ಬದಲಾಯಿಸೋ ಹಾಗಿಲ್ಲ ಅಂದಿದ್ರಲ್ಲ?” ಎಂದು ಏಣಿಯ ಕೆಳಗಿನಿಂದ ಕೇಳಿದರು.

“ಮೀಸೆ ಗೆರೆಯಲ್ಲ ಸ್ವಾಮಿ, ಕೂದಲು.”

“ಬಣ್ಣ ಇನ್ನೂ ಹಸಿ ಇದೆ. ಕುಂಚ ಕೈಯಲ್ಲೇ ಇದೆ. ಒಂದು ತಲೆ, ಎರಡು ತೋಳು. ಕುರ್ಚಿ ಆಗಲೇ ಬರೆದಿದ್ದೀಯ, ಅರ್ಧ ಕೆಲಸ ಮುಗಿದಿದೆ. ನಿನಗೆ ಒಂದು ಕೋಟು ಹೊಲಿದುಕೊಡ್ತೀನಿ.”

ಚಿತ್ರಕಾರ ಸುತ್ತ ನೋಡಿದ. ಅವನ ಕೋಟಿನ ಮೊಣಕೈಯೂ ಹರಿದಿತ್ತು. “ಆದೇಶ ಮೀಸೆಗೆ ಮಾತ್ರ ಬಂದಿದೆ,” ಎಂದ ಮೆಲ್ಲಗೆ. “ನೀವು ಕುದುರೆಯಾಗಿದ್ರೆ ಹೇಗಾದ್ರೂ ನಿಭಾಯಿಸ್ತಿದ್ದೆ.”

ಯಜಮಾನರ ಆಸೆ ಫಲಿಸದಿದ್ದದ್ದು ಎಷ್ಟು ಒಳ್ಳೆಯದಾಯಿತೆಂದು ಸೋಮವಾರ ತಿಳಿಯಿತು. ಅಂದು ನಲವತ್ತೊಂದನೆಯ ಸುತ್ತೋಲೆ ಬಂತು:

“ಖಾಲಿ ಕುರ್ಚಿಯು ಹಳೆಯ ನಾಯಕನಿಗಾಗಿ ಕಾದಿತ್ತು ಎಂಬ ವಿಮರ್ಶೆಯು ತಪ್ಪು. ಅದು ಕುಟುಂಬದಿಂದ ಹೊರಹಾಕಲ್ಪಟ್ಟ ದ್ರೋಹಿಯ ಕುರ್ಚಿಯಾಗಿದೆ. ಕಾಲಿಗೆ ಸುತ್ತಿದ ಬಟ್ಟೆಯು ಅವನ ಕಳ್ಳ ನಡಿಗೆಯ ಗುರುತಾಗಿದೆ. ಖಾಲಿ ಕುರ್ಚಿ ಇರುವ ಪ್ರತಿ ಕುಟುಂಬವೂ ಅದರಲ್ಲಿ ಹಿಂದೆ ಕೂರುತ್ತಿದ್ದವನನ್ನು ಹದಿನೈದು ದಿನದೊಳಗೆ ಒಪ್ಪಿಸತಕ್ಕದ್ದು.”

ಖಾಲಿ ಕುರ್ಚಿ ಇಡದವರು ಅದುವರೆಗೆ ದಂಡ ತೆತ್ತಿದ್ದರು, ಈಗ ಇಟ್ಟವರ ಸರದಿ. ಭಾವಮೈದುನನ ಕಾರ್ಖಾನೆ ಅದೇ ವಾರ ಸೌದೆ ಡಿಪೋ ಆಯಿತು. ಎದುರು ಮನೆಯವರು ರಟ್ಟಿನ ಕುರ್ಚಿಯಲ್ಲಿ ಗಡಿಬಿಡಿಯಿಂದ ಮಗನನ್ನು ಕೂರಿಸಲು ಹೋದಾಗ ಅವನು ಬಿದ್ದು ಕೈ ಮುರಿದುಕೊಂಡ. ಜಗಳವಾಡದ ಆ ದಂಪತಿ ಅಂದು ಮೊದಲ ಬಾರಿಗೆ ಜಗಳವಾಡಿದರು. ತಡವಾಯಿತು.

ಹೋಲಿಕೆ ಪರಿವೀಕ್ಷಕನು ಮರುದಿನ ಹನ್ನೆರಡಕ್ಕೆ ನಮ್ಮಲ್ಲಿಗೆ ಬಂದ, ಈ ಬಾರಿ ಇಬ್ಬರು ಪೊಲೀಸರ ಜೊತೆ. ಯಜಮಾನರು ಕಿಟಕಿಯ ಪಕ್ಕ ತಟ್ಟೆ ಹಿಡಿದು ನಿಂತಿದ್ದರು. ಅವನು ಮಂಡಿಯೂರಿ ಕುರ್ಚಿಯ ಎಡ ಹಿಂಗಾಲನ್ನು ಮುಟ್ಟಿ ನೋಡಿದ.

“ಹೊಲಿಗೆ ನೀಟಾಗಿದೆ,” ಎಂದ. “ಇದು ದರ್ಜಿ ಕೈ ಕೆಲಸ.” ಪೊಲೀಸರು ಯಜಮಾನರ ಕತ್ತಿನಲ್ಲಿದ್ದ ಟೇಪಿನ ಕಡೆ ನೋಡಿದರು.

“ಹೌದು,” ಎಂದೆ. “ಈ ಅತಿಥಿಗಳು ದರ್ಜಿ. ಕುರ್ಚಿ ರಿಪೇರಿ ಮಾಡಿಸಿದ್ದೆ.”

“ನೀವು ಇದರಲ್ಲಿ ಯಾವತ್ತಾದರೂ ಕೂತಿದ್ದಿರಾ?” ಎಂದು ಅವನು ಯಜಮಾನರನ್ನು ಕೇಳಿದ.

ಯಜಮಾನರ ತಟ್ಟೆಯಲ್ಲಿ ಆಲೂಗಡ್ಡೆ ಉರುಳಾಡಿತು. “ಇಲ್ಲಪ್ಪ. ಇಲ್ಲ ಸಾರ್. ನಾನು ಹೊರಗಿನವನು. ನಿಂತೇ ಉಣ್ಣೋದು. ತಾವೇ ಬರ್ಕೊಂಡಿದ್ದೀರಿ.”

ಪರಿವೀಕ್ಷಕ ತನ್ನ ಹಳೆಯ ನಮೂನೆ ತಿರುವಿ ನೋಡಿದ. ಬರೆದದ್ದು ಹಾಗೆಯೇ ಇತ್ತು. ಆದರೂ ಅವನು ತೃಪ್ತನಾಗದೆ ಪುಟ್ಟಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತ. ಮಕ್ಕಳು ಸುಳ್ಳು ಹೇಳುವುದಿಲ್ಲ ಎಂಬುದು ಇಲಾಖೆಯ ಹನ್ನೆರಡನೆಯ ನಿಯಮ.

“ಪುಟ್ಟಿ, ಜಾಣೆ, ಹೇಳಮ್ಮ. ಈ ಕುರ್ಚೀಲಿ ಮೊದಲು ಯಾರು ಕೂರ್ತಿದ್ರು?”

ಪುಟ್ಟಿ ಕುರ್ಚಿಯನ್ನು ನೋಡಿದಳು. ಕಿಟಕಿಯ ಕಡೆ ನೋಡಿದಳು.  ಯಜಮಾನರು ಮೊಮ್ಮಗಳ ಕಡೆ ನೋಡಲೇ ಇಲ್ಲ, ಕಿಟಕಿಯ ಹೊರಗೆ ನೋಡುತ್ತಿದ್ದರು.

“ಯಾರೂ ಕೂರ್ತಿರ್ಲಿಲ್ಲ,” ಎಂದಳು ಪುಟ್ಟಿ. “ಇವರು ಯಾರೋ ಅತಿಥಿಗಳು. ಊಟಕ್ಕೆ ಬರ್ತಾರೆ, ಹೋಗ್ತಾರೆ.”

ಹನ್ನೊಂದು ದಿನದ ಶ್ರಮ ವ್ಯರ್ಥವಾಗಲಿಲ್ಲ. ಪರಿವೀಕ್ಷಕನು “ಮಗುವಿನ ಪಾಲನೆ ತೃಪ್ತಿಕರ” ಎಂದು ಬರೆದು, ಕುರ್ಚಿಗೆ ಮುದ್ರೆ ಒತ್ತಿ, ದ್ರೋಹಿ ಪರಾರಿಯಾಗಿದ್ದಾನೆಂದು ನಮೂದಿಸಿ ಹೊರಟ. ನಮ್ಮ ಸಾಮಾನ್ಯ ಕುಟುಂಬದ ಬಿರುದು ಇನ್ನೈದು ವರ್ಷಕ್ಕೆ ಮುಂದುವರಿದಿದೆ.

ಬಾಗಿಲು ಮುಚ್ಚಿತು. ಅತ್ತೆ ಕತ್ತು ಇಳಿಸಿ, “ನೆಂಟರಿಗೆ ಇನ್ನೊಂದು ಆಲೂಗಡ್ಡೆ ಹಾಕು. ಪಾಪ, ಬಹಳ ಹೊತ್ತಿನಿಂದ ನಿಂತಿದ್ದಾರೆ,” ಎಂದರು.

ಯಜಮಾನರು ಅದನ್ನೂ ತಿಂದರು. ತಟ್ಟೆ ತೊಳೆದಿಟ್ಟು, ನೀಲಿ ಅಂಗಿಯ ಗುಂಡಿಗಳನ್ನು ಕತ್ತಿನವರೆಗೂ ಹಾಕಿಕೊಂಡು, ಬಾಗಿಲಲ್ಲಿ ನಿಂತು ನನಗೆ ಕೈ ಮುಗಿದರು.

“ಊಟ ಚೆನ್ನಾಗಿತ್ತು ತಾಯೀ,” ಎಂದರು.

“ಬರ್ತಾ ಇರಿ,” ಎಂದೆ.